ಎಡಗೈಗೆ ಎಂಟು ಶನಿವಾರ

ಟಪ್— ಯಾರದೋ ಮಣ್ಣಿನ ಮುದ್ದೆ ಕುಂಬಾರ ಚಕ್ರಕ್ಕೆ ಬಿತ್ತು, ಮತ್ತೆ ಟಪ್, ಇದು ಲಹರಿಯದೇ, ಮಹಡಿ ಮನೆಯ ಆ ಹುಡುಗಿ ಮಣ್ಣನ್ನು ಬಡಿಯುವುದು ಹೀಗೇ, ಹಳೇ ಸಿಟ್ಟು ತೀರಿಸಿಕೊಂಡಂತೆ, ಬಡಿಯಲಿ, ಇಪ್ಪತ್ತರ ಕೈ, ಸೂಗಮ್ಮನ ಮುದ್ದೆ ಮಾತ್ರ ಇನ್ನೂ ಅಂಗೈ ಮೇಲೇ ಕೂತಿದೆ, ಎಡ ಅಂಗೈ ಮೇಲೆ, ಎದೆಯ ಮಟ್ಟಕ್ಕೆ, ನೋಡು, ಮತ್ತೆ ಹಾಗೇ ಹಿಡಿದೆ, ಎಂಟು ಶನಿವಾರವಾದರೂ ಈ ರೂಢಿ ಬಿಡಲಿಲ್ಲ. ಮೊದಲನೇ ಶನಿವಾರ ಕಲಾ ಕಾಲೇಜಿನ ಈ ಶೆಡ್ಡಿನಲ್ಲಿ ಎಲ್ಲರೂ ಮುದ್ದೆಯನ್ನು ಚಕ್ರದ ನಡುವಿಗೆ ರಪ್ಪನೆ ಬಡಿದರೆ ಇವಳೊಬ್ಬಳು ಮೆಲ್ಲಗೆ ಇಟ್ಟಿದ್ದಳು, ಪೀಠದ ಮೇಲೆ ಇಳಿಸುವ ಹಾಗೆ, ಕಾಲಡಿಯ ಪೆಡಲ್ ಒತ್ತಿದ್ದೇ ತಡ ಮುದ್ದೆ ಹಾರಿ ಹೋಗಿ ಗೋಡೆಗೆ ಅಂಟಿತ್ತು, ಹುಡುಗರು ನಕ್ಕಿದ್ದೇ ನಕ್ಕಿದ್ದು, ವಿಶ್ವಜಿತ್ ಸಾರ್ ಕೂಡ, ಮಗನ ವಯಸ್ಸಿನವನು, ಆದರೂ ಕಲಿಸುವವನು ಸಾರೇ, ತೆಲುಗಿನಲ್ಲಿ ಅಂದಿದ್ದ, ಅಮ್ಮಾ ಇದಿ ಪೂಜ ಕಾದು, ಪೂಜೆ ಅಲ್ಲ ಇದು, ಜೋರಾಗಿ ಹೊಡೀರಿ, ಇಲ್ಲಾಂದ್ರೆ ಅಂಟಲ್ಲ. ಪೂಜೆ ಅಲ್ಲವಂತೆ, ಅವನಿಗೇನು ಗೊತ್ತು, ಅಂಗೈ ಮೇಲೆ ಏನಿಟ್ಟರೂ ಮೆಲ್ಲಗೆ ಇಳಿಸಬೇಕೆಂದು ಏಳನೇ ವಯಸ್ಸಿನಲ್ಲಿ ಕಲಿತದ್ದು ಅರವತ್ತೊಂದಕ್ಕೆ ಮರೆ ಅಂದರೆ ಹೇಗೆ. ತಪ್ಪಾಯಿತು, ಎಂದು ಮನಸ್ಸಿನಲ್ಲೇ ಅಂದು ಬಡಿದಳು, ಟಪ್, ಅಂಟಿತು.

ನೀರು, ಸ್ಪಂಜು, ಮೊಣಕೈ ತೊಡೆಗೆ ಊರಬೇಕು, ಎಡಗೈ ಕಂಬ ಇದ್ದ ಹಾಗೆ ಇರಬೇಕು, ಮಣ್ಣು ಕೈಯನ್ನು ತಳ್ಳಬಾರದು, ಕೈ ಮಣ್ಣನ್ನು ನಿಲ್ಲಿಸಬೇಕು, ಎಲ್ಲ ಬಾಯಿಪಾಠ, ಪರೀಕ್ಷೆ ಇಟ್ಟರೆ ನೂರಕ್ಕೆ ನೂರು, ಚಕ್ರ ತಿರುಗಿತು, ಮುದ್ದೆಯ ತಲೆ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲುತ್ತ ಅಂಗೈಯನ್ನು ಗುದ್ದುತ್ತಿದೆ, ಗುದ್ದುವುದು ಮಣ್ಣೋ ಅಥವಾ ಕೈಯೇ ಮಣ್ಣನ್ನು ಗುದ್ದುತ್ತಿದೆಯೋ, ಯಾರು ಯಾರನ್ನು ನಡುಗಿಸುತ್ತಿದ್ದಾರೆ— ಊಪಿರಿ ವದಲಂಡಮ್ಮಾ, ಹಿಂದಿನಿಂದ ಸಾರ್ ದನಿ, ಉಸಿರು ಬಿಡಿ, ಉಸಿರು ಹಿಡಿದರೆ ಕೈ ಬಿಗಿಯುತ್ತೆ, ಹೌದಲ್ಲ, ಮತ್ತೆ ಉಸಿರು ಹಿಡಿದಿದ್ದಳು. ಅದೂ ಹಳೇ ರೂಢಿ. ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಸೋಲ್ಡರ್ ಹಿಡಿದವಳು, ತಂತಿ ಬೆಸೆಯುವ ಕೆಲಸ, ಭೂತಗನ್ನಡಿಯ ಕೆಳಗೆ ಇರುವೆ ಕಾಲಿನಷ್ಟು ತಂತಿ, ಅದರ ಮೇಲೆ ಒಂದೇ ಹನಿ, ಆ ಹನಿ ಕೂರುವಾಗ ಉಸಿರಾಡಿದರೆ ಕೆಟ್ಟಿತು, ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ಕಾದ ಕಡ್ಡಿ, ಮೂಗಿಗೆ ರಾಳದ ಹೊಗೆ, ತಪಾಸಣೆಯ ಶಿವಾನಂದ ಸಾಹೇಬರು ಬೋರ್ಡು ತಿರುಗಿಸಿಯೂ ನೋಡುತ್ತಿರಲಿಲ್ಲ, ಸೂಗಮ್ಮನ ಕೈಯಾಗಿಂದೇನ್ರಿ, ಹಂಗಾದ್ರ ಕಣ್ಣ್ ಮುಚ್ಚಿ ಪಾಸ್ ಮಾಡ್ರಿ. ಕಣ್ಣು ಮುಚ್ಚಿ! ಈಗ ಚಹಾದ ಕಪ್ಪನ್ನು ಬಸಿಯಲ್ಲಿಟ್ಟರೆ ಪಕ್ಕದ ಮನೆಗೂ ಕೇಳಿಸುತ್ತದೆ. ನರದ ದೋಷ ಅಂದರು ಡಾಕ್ಟರು, ಕಾಗದದ ಮೇಲೆ ಸುರುಳಿ ಬರೆಸಿದರು, ಅದು ಕೋಳಿ ಕೆದರಿದ ಹಾಗೆ ಬಂತು, ಮಾತ್ರೆಯಿಂದ ಸ್ವಲ್ಪ ಕಡಿಮೆಯಾಗಬಹುದಮ್ಮ, ನಿಲ್ಲುತ್ತೆ ಅಂತ ನಾನು ಹೇಳಲಾರೆ. ನೀವು ಹೇಳದಿದ್ದರೆ ಬಿಡಿ, ಮಣ್ಣು ಹೇಳೀತು, ಮಣ್ಣು ಕೈಗೆ ಬುದ್ಧಿ ಕಲಿಸುತ್ತೆ ಆಂಟೀ ಎಂದು ಲಹರಿ ಅಂದಿದ್ದೇ ನೆವವಾಗಿ ಇಲ್ಲಿ ಬಂದು ಹೆಸರು ಬರೆಸಿದಳು. ಗುರುಬಸವ ನಕ್ಕಿದ್ದ, ಗಂಡನೆಂದ ಮೇಲೆ ಅಷ್ಟೂ ನಗದಿದ್ದರೆ ಹೇಗೆ, ಅರವತ್ತಕ್ಕ ಅರಳು ಮರಳು ಅಂತಾರಲ್ಲ, ಅದು ನೀನs ನೋಡು, ಗಡಿಗಿ ಮಾಡಿ ಯಾವ ಸಂತಿಗೆ ಒಯ್ಯಾಕಿ? ಹೊತ್ತು ಹೋಗಬೇಕಲ್ರಿ, ಎಂದಿದ್ದಳು. ನಿಜ ಹೇಳಿರಲಿಲ್ಲ.

ನಿಜ ಯಾರಿಗೂ ಹೇಳಿಲ್ಲ, ಹೇಳುವಂಥದ್ದೇ ಅದು? ಅರವತ್ತಮೂರು ದಿನವಾಯಿತು, ಅಡುಗೆಮನೆಯ ಮೂಲೆ, ಬೆಳಗಿನ ಆರೂವರೆ, ಗೋಡೆಗೆ ಮುಖ, ಕೊರಳ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡಿದ್ದಳು, ಐವತ್ತನಾಲ್ಕು ವರ್ಷ ಇಟ್ಟುಕೊಂಡ ಹಾಗೆ, ಜ್ವರದಲ್ಲಿ, ಹೆರಿಗೆಯ ನಂತರ, ಅವ್ವ ಸತ್ತ ಮರುದಿನ ಕೂಡ, ಬಲಗೈಯಿಂದ ನೀರೆರೆಯುತ್ತಿದ್ದಳು, ಅಷ್ಟೇ— ಅಂಗೈ ಒಮ್ಮೆ ಎಗರಿತು, ಕಪ್ಪಗೆ, ನೇರಳೆ ಹಣ್ಣಿನಷ್ಟು, ತಟ್ಟೆಯ ಅಂಚಿಗೆ ಬಡಿದು ನೆಲಕ್ಕೆ ಬಿದ್ದು ಉರುಳಿ ಗ್ಯಾಸಿನ ಸಿಲಿಂಡರಿನ ಬುಡದಲ್ಲಿ ನಿಂತಿತು. ಸದ್ದೇನೂ ದೊಡ್ಡದಾಗಲಿಲ್ಲ, ಏನ್ ಬಿತ್ತs ಅಂದ ಗುರುಬಸವ ಪೇಪರಿನ ಹಿಂದಿನಿಂದ, ಏನಿಲ್ರಿ, ಅಡಕಿ ಡಬ್ಬಿ ಮುಚ್ಚಳಾ. ಸುಳ್ಳು ಎಷ್ಟು ಸಲೀಸಾಗಿ ಬಂತು, ಕೈ ನಡುಗಿತು, ನಾಲಿಗೆ ನಡುಗಲಿಲ್ಲ. ದೇವದುರ್ಗದಲ್ಲಿ ಅಮರಯ್ಯ ಸ್ವಾಮಿಗಳು ಲಿಂಗ ಕಟ್ಟಿದ ದಿನ ಅವ್ವ ಗದಿಗೆಮ್ಮ ಕಿವಿ ಹಿಂಡಿ ಹೇಳಿದ್ದಳು, ಲಿಂಗ ಬಿದ್ರ ಜೀವ ಇಟ್ಕೋಬಾರದ, ತಿಳೀತಿಲ್ಲೋ, ಯಾರ ಕೈಯಾಗೂ ಕೊಡಬಾರದ, ನನ್ನ ಕೈಯಾಗೂ ಕೊಡಬಾರದ, ನಿಂದು ನಿನಗs. ಬಿತ್ತು ಅವ್ವಾ, ಜೀವ ಇಟ್ಟುಕೊಂಡಿದ್ದೇನೆ, ಅವತ್ತು ಎರಡು ದೋಸೆಯನ್ನೂ ತಿಂದೆ, ತಿನ್ನದಿದ್ದರೆ ಅವರು ಯಾಕೆ ಅಂತ ಕೇಳುತ್ತಿದ್ದರು. ಈಗಿನ ಸ್ವಾಮಿಗಳು ಅಷ್ಟೆಲ್ಲ ಬಿಗಿಯಿಲ್ಲ, ಮಠಕ್ಕೆ ಹೋದರೆ ತೊಳೆದು ಮತ್ತೆ ಕಟ್ಟಿಕೊಟ್ಟಾರು, ಲಿಂಗಕ್ಕೆ ಪರಿಹಾರ ಇದೆ, ಕೈಗೆ? ಕಟ್ಟಿಸಿಕೊಂಡು ಬಂದು ನಾಳೆ ಮತ್ತೆ ಬೀಳಿಸಲೇ? ಅಂದಿನಿಂದ ಗೋಡೆಗೆ ಮುಖ ಮಾಡಿ ಕೂರುತ್ತಾಳೆ, ಕರಡಿಗೆ ಬಿಚ್ಚುವುದಿಲ್ಲ, ಕಣ್ಣು ಮುಚ್ಚಿ ಬರಿದಾದ ಎಡ ಅಂಗೈ ಮುಂದೆ ಹಿಡಿದು ಹದಿನೈದು ನಿಮಿಷ ಕೂತು ಏಳುತ್ತಾಳೆ, ಬೆನ್ನ ಹಿಂದೆ ಗಂಡನಿಗೆ ಅದು ಪೂಜೆ, ಎದ್ದು ಬಂದು ಉಣ್ಣುತ್ತಾಳೆ. ಪೂಜೆಯಿಲ್ಲದೆ ತುತ್ತು ಎತ್ತಬಾರದು, ಎತ್ತುತ್ತಲೇ ಅರವತ್ತಮೂರು ದಿನವಾಯಿತು.

ಇಂದು ಕೊನೆಯ ತರಗತಿ. ಸನತ್‌ನಗರದ ಕಡೆಯಿಂದ ಬಸ್ಸು ಸಿಗದೆ ಆಟೋದಲ್ಲಿ ಬರುವಾಗಲೇ ತನ್ನಷ್ಟಕ್ಕೆ ಒಂದು ಮಾತು ಕೊಟ್ಟುಕೊಂಡಿದ್ದಳು, ಒಂದೇ ಒಂದು ಮುದ್ದೆ, ಬಟ್ಟಲು ಬೇಡ, ಕಪ್ಪು ಬೇಡ, ಭಟ್ಟಿಗೆ ಹೋಗುವುದೂ ಬೇಡ, ನನ್ನ ಎಡಗೈಯ ಕೆಳಗೆ ಒಂದು ಮುದ್ದೆ ಅಲುಗಾಡದೆ ನಿಂತರೆ ಸಾಕು, ನಾಳೆಯೇ ಮಠಕ್ಕೆ ಹೋಗುತ್ತೇನೆ, ನಿಲ್ಲದಿದ್ದರೆ— ನಿಲ್ಲದಿದ್ದರೆ ಕರಡಿಗೆ ಇನ್ನು ಮುಚ್ಚಿದ್ದೇ. ಒಂದನೇ ಮುದ್ದೆ ವಾಲಿ ಹರಿಯಿತು, ಎರಡನೆಯದರಲ್ಲಿ ನೀರು ಹೆಚ್ಚಾಗಿ ಕೆಸರಾಯಿತು, ಮೂರನೆಯದು ಇದು, ಗಂಟೆ ನಾಲ್ಕೂವರೆ, ಹುಡುಗರು ಆಗಲೇ ತಂತಿ ಎಳೆದು ಕಪ್ಪುಗಳನ್ನು ಚಕ್ರದಿಂದ ಬಿಡಿಸಿ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದಾರೆ, ಸೊಟ್ಟಗಿದ್ದರೂ ಕಪ್ಪೇ, ಲಹರಿ ಕೈ ತೊಳೆಯುತ್ತ ಈ ಕಡೆ ನೋಡಿ ನೋಡದ ಹಾಗೆ ಮಾಡಿದಳು, ಕನಿಕರ, ಅಯ್ಯೋ ಆ ಕನಿಕರವೊಂದು ಬೇಡ ಮಗಳೇ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತಾರೆ, ದೊಣ್ಣೆ ನನ್ನ ತೋಳಿನ ತುದಿಗೇ ಇದೆಯಲ್ಲ. ಉಸಿರು ಬಿಟ್ಟಳು, ಎಳೆದಳು, ಬಿಟ್ಟಳು, ತಲೆ ವಾಲುತ್ತಲೇ ಇದೆ, ಕೈ ಬೇಡುತ್ತಿಲ್ಲ, ಹೆದರುತ್ತಿಲ್ಲ, ಅದಕ್ಕೆ ಇವಳ ಪರಿವೆಯೇ ಇಲ್ಲ, ಯಾರದೋ ಮನೆಯ ಕೈ ಬಂದು ಇವಳ ತೋಳಿಗೆ ಅಂಟಿಕೊಂಡಿದೆ. ಅಳು ಬಂತು. ಕೆಸರು ಮೆತ್ತಿದ ಕೈಯಿಂದ ಕಣ್ಣು ಒರೆಸಿಕೊಳ್ಳುವಂತೆಯೂ ಇಲ್ಲ.

ನೇನು ಪಟ್ಟುಕೋನಾ ಅಮ್ಮಾ, ನಾನು ಹಿಡಿಯಲಾ— ವಿಶ್ವಜಿತ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ, ಉತ್ತರಕ್ಕೆ ಕಾಯದೆ ತನ್ನ ಎರಡೂ ಕೈಯನ್ನು ಅವಳ ಕೈಗಳ ಮೇಲಿಟ್ಟ, ಅಗಲವಾದ ಬೆಚ್ಚಗಿನ ಕೈ, ಒತ್ತಿದ, ಒಳಗಿನ ನಡುಕ ಒಂದೆರಡು ಸಲ ಒದ್ದಾಡಿತು, ಬಲೆಯೊಳಗಿನ ಮೀನಿನ ಹಾಗೆ, ಆಮೇಲೆ— ಆಮೇಲೆ ನಿಂತಿತು. ಚಕ್ರ ತಿರುಗುತ್ತಿದೆ, ಮಣ್ಣು ನಿಂತಿದೆ. ತಿರುಗುತ್ತಿದೆಯೋ ಇಲ್ಲವೋ ತಿಳಿಯದಷ್ಟು ನಿಂತಿದೆ, ಒದ್ದೆಯಾಗಿ, ಹೊಳೆಯುತ್ತ, ಗುಂಡಗೆ, ಅದರ ಮೇಲೆ ಕಿಟಕಿಯ ಒಂದು ಗೆರೆ ಬೆಳಕು, ಅದೂ ಅಲುಗುತ್ತಿಲ್ಲ, ಇವಳ ಎಡ ಅಂಗೈ ಅದನ್ನು ಮುಟ್ಟಿಕೊಂಡೇ ಇದೆ, ಎಷ್ಟು ದಿನವಾಯಿತು ಹೀಗೆ ಒಂದನ್ನು ಮುಟ್ಟಿ, ಇಷ್ಟೇ ಸಾಕಿತ್ತಲ್ಲ ಶಿವನೇ, ಕೆಳಗೊಂದು ಕೈ, ಯಾರದಾದರೂ, ಗುರುಬಸವ ಇದ್ದಾನಲ್ಲ, ಬೈದುಕೊಂಡೇ ಬಂದಾನು, ನಾಳೆ ಬೆಳಗ್ಗೆ ಆರೂವರೆಗೆ ನನ್ನ ಅಂಗೈ ಕೆಳಗೆ ಅವನ ಅಂಗೈ— ಇಲ್ಲ. ಆಗುವುದಿಲ್ಲ. ಯಾರ ಕೈಯಲ್ಲೂ ಕೊಡಬಾರದು, ಅವ್ವನ ಕೈಯಲ್ಲೂ ಕೊಡಬಾರದು, ಮಣ್ಣಿಗಾದರೆ ಊರಿನವರೆಲ್ಲ ಕೈ ಹಚ್ಚಬಹುದು, ಲಿಂಗಕ್ಕೆ ಒಬ್ಬರದೇ ಅಂಗೈ, ಅದರ ಕೆಳಗೆ ಗಾಳಿ, ಗಾಳಿಯ ಕೆಳಗೆ ನೆಲ. ನಿಂತಿತು ನೋಡಿ ಅಮ್ಮಾ, ಅಂದ ಅವನು ತೆಲುಗಿನಲ್ಲೇ, ಸೆಂಟರ್ ಆಯಿತು, ಈಗ ನಾನು ಕೈ ತೆಗೀತೀನಿ, ಭಯ ಬೇಡ, ನೀವು ಹಿಡ್ಕೊಂಡಿರಿ ಅಷ್ಟೇ. ಬ್ಯಾಡ್ರಿ ಸಾರ್, ಎಂದಳು, ಕನ್ನಡದಲ್ಲೇ, ಅವನಿಗೆ ತಿಳಿಯದ ಕನ್ನಡದಲ್ಲಿ, ಇನ್ನೊಂದ್ ಚೂರು, ಇನ್ನೊಂದ್ ಚೂರ್ ಇರ್ರಿ— ಅವನು ನಗುತ್ತ ಒಂದು ಕೈ ತೆಗೆದ, ಮಣ್ಣು ನಿಂತೇ ಇತ್ತು, ಇನ್ನೊಂದನ್ನೂ ತೆಗೆದ, ಉಳಿದದ್ದು ಅವಳ ಎಡ ಅಂಗೈ, ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ, ಎಡ ಅಂಗೈ, ಅದು ಒಮ್ಮೆ ಎಗರಿತು, ಮುದ್ದೆಯ ತಲೆ ವಾಲಿತು, ಮತ್ತೊಮ್ಮೆ, ಎಡ ಅಂಗೈ, ಎಡ ಅಂಗೈ—