ಎರಡನೇ ಕಂಬಿ

ನಮ್ಮ ಮನೆಯ ಕಾರಿಗೆ ಬೀದಿಯವರು ಇಟ್ಟ ಹೆಸರು ಕಪ್ಪೆ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ, ಮುಂದೆ ಉಬ್ಬಿದ ಎರಡು ದೀಪ. ನನ್ನ ಗಂಡ ಅದನ್ನು ಗುಜರಿ ಅಂಗಡಿಯಿಂದ ಎಳೆದು ತಂದಾಗ ನಮಗಿನ್ನೂ ಮದುವೆಯಾಗಿರಲಿಲ್ಲ. ಹಾಗಾಗಿ ನನಗಿಂತ ಅವಳೇ ಹಿರಿಯಳು. ಜಗಳವಾದಾಗಲೆಲ್ಲ "ಹೋಗಿ, ಅವಳ ಹತ್ರಾನೇ ಮಲ್ಕೊಳ್ಳಿ" ಅನ್ನುತ್ತಿದ್ದೆ. ಒಂದೆರಡು ಸಲ ಹೋಗಿ ಮಲಗಿದ್ದೂ ಉಂಟು.

ಅವರು ಬಸ್ಸುಗಳ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವ ಫಿಟ್ಟರ್. ನಾನು ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ಹಿಂದಿನ ಶೆಡ್ಡಿನಲ್ಲಿ ಅವರ ಕಪ್ಪೆ. ಇಷ್ಟು ವರ್ಷ ಅದನ್ನು ಒರೆಸಿದರು, ಬಿಚ್ಚಿದರು, ಕೂಡಿಸಿದರು, "ಒಂದಿನ ಟ್ರ್ಯಾಕಿಗೆ ಇಳಿಸ್ತೀನಿ ನೋಡು" ಅಂದರು. ಆ ಒಂದು ದಿನ ಎಲ್ಲಿಗೆ ಓಡಿಹೋಗುತ್ತದೆ ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು.

ಹೋದ ವರ್ಷ ಅವರ ಕಾಲು ಸೋಲತೊಡಗಿತು. ತೊಡೆಯ ಸ್ನಾಯು ಸವೆಯುವ ಕಾಯಿಲೆ, ಮದ್ದಿಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಪಾದದಲ್ಲಿ ಇನ್ನೂ ಬಲವಿದೆ, ಮುಂದಿನ ವರ್ಷಕ್ಕೆ ಅದೂ ಹೋಗಬಹುದು. ಊರಾಚೆಯ ಕಾರ್ ರೇಸಿನ ಟ್ರ್ಯಾಕಿನಲ್ಲಿ ಹವ್ಯಾಸಿಗಳನ್ನು ಬಿಡುವುದು ವರ್ಷಕ್ಕೊಮ್ಮೆ ಮಾತ್ರ. ಈ ಸಲ ತಪ್ಪಿದರೆ ಇನ್ನಿಲ್ಲ. ಆಸ್ಪತ್ರೆಯಿಂದ ಬಂದವರು ಬಟ್ಟೆಯನ್ನೂ ಬದಲಾಯಿಸದೆ ಶೆಡ್ಡಿಗೆ ಹೋದರು. ನಾನು ತಡೆಯಲಿಲ್ಲ, ದೀಪ ಹಾಕಿ ಕೊಟ್ಟೆ.

ಕಾರು ಟ್ರ್ಯಾಕಿನಲ್ಲೂ ಓಡಬೇಕು, ಸಂಜೆ ಅದೇ ಕಾರು ನಮ್ಮನ್ನು ಮನೆಗೂ ತರಬೇಕು. ಅದನ್ನು ಹೊತ್ತು ತರಲು ನಮ್ಮ ಹತ್ತಿರ ಲಾರಿ ಎಲ್ಲಿದೆ. ಚಕ್ರದ ಕೀಲುಗಳಲ್ಲಿ ಕಲ್ಲಿನಂತಾಗಿದ್ದ ರಬ್ಬರ್ ಬುಷ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಿದರು. ಬ್ರೇಕಿನ ಪೈಪು, ಪ್ಯಾಡು ಬದಲಾದವು. ಸ್ಪ್ರಿಂಗ್ ತುಸು ಗಿಡ್ಡವಾಯಿತು, ಬೀದಿಯ ಉಬ್ಬಿಗೆ ಹೊಟ್ಟೆ ತಾಗದಷ್ಟು ಮಾತ್ರ. ಕ್ಲಚ್ಚಿನ ಸನ್ನೆಕೋಲನ್ನು ಉದ್ದ ಮಾಡಿ, ಪಾದ ಇಟ್ಟರೆ ತಾನೇ ಇಳಿಯುವಷ್ಟು ಹಗುರ ಮಾಡಿಕೊಂಡರು.

ಪಂಜರ ಕಟ್ಟಿದ್ದು ವೆಲ್ಡಿಂಗ್ ಕೆಲಸದ ನನ್ನ ಮೈದುನ. ಕಾರು ಮಗುಚಿದರೆ ತಲೆ ಉಳಿಯಲಿ ಎಂದು ಒಳಗೆ ಸುತ್ತಲೂ ಕಬ್ಬಿಣದ ಪೈಪು ಕೂಡಿಸುತ್ತಾರೆ. ಬಾಗಿಲಿಗೆ ಅಡ್ಡ ಒಂದು ಕಂಬಿ ಇದ್ದರೆ ಸಾಕು ಎಂದು ನಿಯಮ.

"ಒಂದು ಸಾಕಾಗಲ್ಲ. ಅದರ ಮೇಲೆ ಇನ್ನೊಂದು ಹಾಕು," ಎಂದೆ.

"ಅತ್ತಿಗೆ, ಇದು ಕಾರು, ಜೈಲಲ್ಲ."

"ಒಳಗಿರೋದು ನಿಮ್ಮಣ್ಣ. ಹಾಕು ಅಂದ್ರೆ ಹಾಕು."

ಹಾಕಿದ. ಸೀಟಿನ ಸ್ಪಂಜು ನನ್ನ ಪಾಲಿನ ಕೆಲಸ. ಸೊಂಟಕ್ಕೆ ಬಿಗಿ ಇಲ್ಲದಿದ್ದರೆ ತಿರುವಿನಲ್ಲಿ ಜಾರುತ್ತಾರೆ, ಕಾಲೂರಿ ತಡೆದುಕೊಳ್ಳಲು ಅವರಿಂದ ಆಗದು. ಅವರನ್ನು ಕೂರಿಸಿ, ಟೇಪು ಹಿಡಿದು, ಪಕ್ಕೆ, ತೊಡೆ, ಭುಜ ಎಲ್ಲ ಅಳೆದೆ. ಎಷ್ಟೋ ಜನರ ಮದುವೆ ಬಟ್ಟೆ ಹೊಲಿದಿದ್ದೇನೆ, ಯಾವುದೂ ಇಷ್ಟು ಸರಿಯಾಗಿ ಮೈಗೆ ಕೂತಿಲ್ಲ. ಆಮೇಲೆ ಸೀಟು ಹಿಂದೆ ಮುಂದೆ ಸರಿಯದ ಹಾಗೆ ಅವರ ಕಾಲಿನ ಅಳತೆಗೇ ನೆಲಕ್ಕೆ ಬೋಲ್ಟ್ ಬಿಗಿದೆವು.

ಸಂಜೆ ಬೀದಿಯಲ್ಲೊಂದು ಸುತ್ತು ಹೋಗಿ ಬರುತ್ತಿದ್ದರು. ಸದ್ದು ಕೇಳಿದೊಡನೆ ನಾನು ಕತ್ತರಿ ಇಟ್ಟು ಹೊರಗೆ ಬಂದು, ಬಾಗಿಲು ತೆಗೆದು, ಅವರ ಕಂಕುಳಿಗೆ ಕೈ ಹಾಕಿ, "ಅಡುಗೆ ಆರಿ ಹೋಯ್ತು, ನಿಮ್ಮ ಕಪ್ಪೆಗೆ ಹಸಿವಿಲ್ದೇ ಇರಬಹುದು, ನನಗಿದೆ" ಎಂದು ಗೊಣಗುತ್ತ ಒಳಗೆ ಕರೆತರುತ್ತಿದ್ದೆ. ಅವರು ಬ್ರೇಕಿನ ಬಗ್ಗೆ ಏನೋ ಹೇಳುತ್ತಲೇ ಇರುತ್ತಿದ್ದರು.

ಟ್ರ್ಯಾಕಿನ ದಿನ ಬೆಳಿಗ್ಗೆ ಅವರ ಮುಖದಲ್ಲಿ ಮದುವೆ ಗಂಡಿನ ಕಳೆ. ಕಪ್ಪೆಯಲ್ಲಿ ನಾವಿಬ್ಬರು, ಹಿಂದೆ ಬೈಕಿನಲ್ಲಿ ಮೈದುನ. ಟ್ರ್ಯಾಕಿಗೆ ಬಿಡುವ ಮುಂಚೆ ತಪಾಸಣೆ. ತಪಾಸಣೆಯವರು ಚಕ್ರ ಅಲ್ಲಾಡಿಸಿದರು, ಅಡಿಗೆ ಟಾರ್ಚು ಬಿಟ್ಟರು, ಬೆಲ್ಟ್ ಜಗ್ಗಿದರು, ಪಂಜರದ ಬೆಸುಗೆಯ ಮೇಲೆಲ್ಲ ಬೆರಳಾಡಿಸಿದರು.

"ಯಾರು ಮಾಡಿದ್ದು ಇದನ್ನ? ಇಲ್ಲಿರೋ ಅರ್ಧ ಕಾರುಗಳು ಇದರ ಮುಂದೆ ನಾಚ್ಕೋಬೇಕು."

ಮೈದುನ ನೆಲ ನೋಡಿದ. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ.

"ಕೊನೇದು ಒಂದಿದೆ," ಎಂದರು. "ಬೆಲ್ಟ್ ಹಾಕ್ಕೊಂಡು ಕೂತಿರಿ. ಬೆಂಕಿ ಅಂತೀನಿ, ಹತ್ತು ಎಣಿಸೋದ್ರೊಳಗೆ ಹೊರಗೆ ಬಂದಿರಬೇಕು."

ಈ ನಿಯಮ ನಮಗೆ ಗೊತ್ತಿರಲಿಲ್ಲವೆಂದಲ್ಲ. ಮನೆಯಲ್ಲಿ ಓದಿದಾಗ "ಅದೇನು ಮಹಾ, ದಿನಾ ಇಳೀತೀನಲ್ಲ" ಎಂದು ಅವರು ನಕ್ಕಿದ್ದರು. ನಾನೂ ಹೂಂ ಅಂದಿದ್ದೆ.

ಬೆಂಕಿ ಎಂದರು. ಇವರು ಬೆಲ್ಟ್ ಬಿಚ್ಚಿದರು. ನಾನು ಬಾಗಿಲಿಗೆ ಹೋಗಿ ಕೈ ಚಾಚಿದೆ. ಯೋಚಿಸಿ ಚಾಚಿದ್ದಲ್ಲ.

"ಅಮ್ಮಾ, ನೀವು ಈ ಕಡೆ ಬನ್ನಿ. ಅವರೊಬ್ಬರೇ ಇಳೀಬೇಕು."

ಇವರು ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ. ಇಬ್ಬರಿಗೂ ಒಟ್ಟಿಗೇ ತಿಳಿಯಿತು.

ಆದರೂ ಪ್ರಯತ್ನಪಟ್ಟರು. ಮೇಲಿನ ಕಂಬಿ ಹಿಡಿದು ಮೈಯನ್ನು ಎಳೆದುಕೊಂಡರು. ಸೊಂಟ ಮೇಲೇಳಲಿಲ್ಲ, ನಾನು ಅಳೆದು ಕತ್ತರಿಸಿದ ಸ್ಪಂಜು ಬಿಡಲಿಲ್ಲ. ಕಂಬಿ ದಾಟಲು ತೊಡೆ ಎತ್ತಬೇಕು, ಆ ತೊಡೆಯಲ್ಲಿ ಏನು ಉಳಿದಿತ್ತು. ತಪಾಸಣೆಯವರು ಎಣಿಸುವುದನ್ನು ಮರೆತವರ ಹಾಗೆ ಸುಮ್ಮನೆ ನಿಂತಿದ್ದರು. ಒಳ್ಳೆಯ ಮನುಷ್ಯ. ಅವರು ಗದರಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ.

"ಸಾರ್, ಮೇಲಿನ ಕಂಬಿ ಕೊಯ್ದುಬಿಡ್ತೀನಿ," ಎಂದ ಮೈದುನ. "ಯಾರ ಹತ್ರ ಆದ್ರೂ ಕಟರ್ ಇರುತ್ತೆ. ಅದು ಬೇಕಾಗಿರಲಿಲ್ಲ ಸಾರ್."

ಅವನು ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ವಾಸಿಯಿತ್ತು.

"ಬಿಡೋ," ಎಂದರು ಇವರು, ಉಸಿರು ಎಳೆದುಕೊಳ್ಳುತ್ತ. "ಕಂಬೀದೇನೂ ತಪ್ಪಿಲ್ಲ. ಬಾಗಿಲೇ ಇಲ್ದಿದ್ರೂ ನಾನು ಏಳ್ತಿರಲಿಲ್ಲ."

"ಕಾರು ಪಾಸು," ಎಂದರು ತಪಾಸಣೆಯವರು. ಆಮೇಲೆ ಪಟ್ಟಿಯಲ್ಲಿ ಇವರ ಹೆಸರಿನ ಮೇಲೆ ಗೆರೆ ಎಳೆದರು.

ಮನೆಗೂ ಇವರೇ ಓಡಿಸಬೇಕಾಯಿತು. ಆ ಸೀಟಿನಲ್ಲಿ ನನ್ನ ಕಾಲು ಪೆಡಲು ಮುಟ್ಟುವುದಿಲ್ಲ, ಮೈದುನನ ಹೊಟ್ಟೆ ಹಿಡಿಸುವುದಿಲ್ಲ. ರಸ್ತೆಯಲ್ಲಿ ಬೆಂಕಿ ಎಂದು ಯಾರೂ ಕೂಗುವುದೂ ಇಲ್ಲ. ಎಷ್ಟು ಚೆನ್ನಾಗಿ ಓಡಿಸಿದರೆಂದರೆ ನನಗೆ ತಡೆದುಕೊಳ್ಳಲಾಗಲಿಲ್ಲ, ಕಿಟಕಿಯ ಕಡೆ ತಿರುಗಿ ಅತ್ತೆ. ಟ್ರ್ಯಾಕಿನಲ್ಲಿ ಓಡುತ್ತಿದ್ದ ಕಾರುಗಳ ಸದ್ದು ಬಹಳ ದೂರದವರೆಗೂ ಕೇಳುತ್ತಿತ್ತು.

"ಬ್ರೇಕು ಚೆನ್ನಾಗಿ ಕೂತಿದೆ," ಎಂದರು ಒಮ್ಮೆ.

"ಹೂಂ," ಎಂದೆ.

ಮನೆ ಮುಂದೆ ಇಂಜಿನ್ ಆರಿಸಿದರು. ನಾನು ಇಳಿದು, ಸುತ್ತು ಹಾಕಿ ಬಂದು, ಬಾಗಿಲು ತೆಗೆದೆ.

"ಬೇಡ. ನಾನೇ ನೋಡ್ತೀನಿ."

ಕೈ ಹಿಂದೆ ಕಟ್ಟಿಕೊಂಡು ನಿಂತೆ. ಅವರು ಕಂಬಿ ಹಿಡಿದು ಎಳೆದುಕೊಂಡರು, ಕೂತರು, ಮತ್ತೆ ಎಳೆದುಕೊಂಡರು. ಎದುರುಮನೆಯಾಕೆ ಚೀಲ ಹಿಡಿದು ಹೋಗುತ್ತ "ಏನಂತೆ, ಕಪ್ಪೆ ಗೆದ್ದು ಬಂತಾ?" ಎಂದು ಕೇಳಿದಳು. ನಾನು ತಲೆಯಾಡಿಸಿದೆ, ಅವಳು ಏನೆಂದುಕೊಂಡಳೋ. ಇವರ ಹಣೆಯಿಂದ ಬೆವರು ನಾನು ಹೊಲಿದ ಬಟ್ಟೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕೊನೆಗೆ ಕಂಬಿ ಬಿಟ್ಟರು.

"ಹಿಡ್ಕೋ," ಎಂದರು, ನನ್ನ ಮುಖ ನೋಡದೆ.

ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಕಂಕುಳಿಗೆ ಕೈ ಹಾಕಿ ಎತ್ತಿದೆ. ದಿನಾ ಎತ್ತಿದ ಮೈಯೇ. ಅದು ಅಷ್ಟು ಭಾರವೆಂದು ನನಗೆ ಗೊತ್ತಾದದ್ದು ಅವತ್ತು.