ಗಂಧ ತೇಯೋ ಕಲ್ಲು

ತೊಂಬತ್ತಾರರಾಗ ನನ್ನ ಗಂಡ ಸ್ವಾರಗೇಟಿನ ಅರಿವಿ ಅಂಗಡಿ ಬಿಟ್ಟು ಭೋರದಾಗ ಹೊಸಾದು ಹಾಕಿದ್ರು. ಬಾಡಿಗಿಗೆ ಸಿಕ್ಕ ಹಳೇ ಮನಿ ಹಿತ್ತಲದಾಗ ನುಣ್ಣನ್ನ ಕಲ್ಲೊಂದಿತ್ತು. ಅದರ ಮ್ಯಾಲೆ ದಿನಾ ಹಸಿಖಾರ ಅರದೆ. ಕಲ್ಲು ಇರೋದ ಅರಿಯಾಕ, ಅದಕ್ಕ ಯಾರನ್ನ ಕೇಳಬೇಕು?

ಉರುಸಿನ ದಿನ ಮಧ್ಯಾಹ್ನ ದರ್ಗಾದ ಮುಜಾವರ, ಮಾರುತಿ ಗುಡಿ ಪೂಜಾರಿ ಇಬ್ಬರೂ ಕೂಡೇ ಬಾಗಿಲಿಗೆ ಬಂದ್ರು, ಕೈಯಾಗ ಬೆಳ್ಳಿ ಬಟ್ಟಲ.

"ಗಂಧ ಕೊಡ್ರಿ ವೈನಿ. ದರ್ಗಾಕ್ಕ ಗಂಧ ಹೋಗೋದು ಈ ಮನಿಯಿಂದನ," ಅಂದ ಮುಜಾವರ.

"ನಾವೇನೂ ತೇದಿಲ್ಲ. ಮೊದಲ ಹೇಳಬಾರದೇನ್ರಿ?" ಅಂತ ಸಿಡುಕಿದೆ.

"ನೀವು ತೇಯೋದು ಬ್ಯಾಡ," ಅಂದ ಪೂಜಾರಿ. "ಇಲ್ಲಿದ್ದ ದಿವೇಕರ ಅಜ್ಜ ತೇಯತಿದ್ದ. ತೀರಿಕೊಂಡು ಹನ್ನೊಂದು ವರ್ಷ ಆತು, ಒಂದು ವರ್ಷನೂ ತಪ್ಪಿಸಿಲ್ಲ."

ಹಿತ್ತಲಕ್ಕ ಹೋಗಿ ನೋಡಿದರ ಕಲ್ಲಿನ ಮ್ಯಾಲೆ ಮುಷ್ಟಿ ತುಂಬ ಹಸಿ ಗಂಧ. ಅವರ ಬಟ್ಟಲದಾಗ ತುಂಬಿ ತಂದು ಕೊಟ್ಟೆ.

ಇಬ್ಬರೂ ನನ್ನ ನೋಡಲಿಲ್ಲ. ನನ್ನ ಬೆನ್ನ ಹಿಂದ ನೋಡಿ ಒಬ್ಬ ಕೈ ಮುಗದ, ಇನ್ನೊಬ್ಬ ಸಲಾಮ್ ಮಾಡಿದ.

"ವೈನಿ, ಕಲ್ಲಿನ ಮ್ಯಾಲೆ ಖಾರ ಅರದೀರೇನು?" ಮುಜಾವರ ಮೆಲ್ಲಗ ಕೇಳಿದ. "ಅಜ್ಜ ಕಣ್ಣು ಒರಸಿಕೊಳ್ಳಾಕತ್ತಾನ."