ಕತ್ತರಿಯ ಚಿತ್ರದ ಕೆಳಗೆ ಎರಡು ಸಾಲು

ಎಲ್ಲಿಂದ ಶುರು ಮಾಡಲಿ? ಚೊಂಬಿನಿಂದ ಶುರುಮಾಡಿದರೆ ಅಡುಗೆಮನೆಯ ಕಥೆಯಾಗುತ್ತದೆ. ಮಡಿಸಿಟ್ಟ ಬಟ್ಟೆಯಿಂದ ಅಂದರೆ ನನಗೇ ಆಕಳಿಕೆ. ಕತ್ತರಿಯಿಂದ ಮಾಡಿದರೆ ಒಂದು ಮನೆಯ ಗುಟ್ಟು ಹೊರಬೀಳುತ್ತದೆ. (ಓದುಗರೇ, ನೀವು ಯಾವುದನ್ನು ಆರಿಸುತ್ತೀರಿ ಅಂತ ಗೊತ್ತು.)

೧. ಗೆಳತಿ ಶಾಜಿಯಾ ಈ ಮೂರನ್ನೂ ಒಂದೇ ಚಿತ್ರದಲ್ಲಿ ಪೆನ್ಸಿಲ್‌ನಿಂದ ಬಿಡಿಸಿದ್ದಾಳೆ. ಬಣ್ಣವಿಲ್ಲ, ಬರೀ ಕಪ್ಪು, ಬೂದು. ಪಿರಿಯಾಪಟ್ಟಣದ ಲೈಬ್ರರಿಯಲ್ಲಿ ಪ್ರದರ್ಶನ. ಚಿತ್ರದ ಕೆಳಗೆ ಎರಡು ಸಾಲು ಅರ್ಥ ಬರೆಯುವ ಕೆಲಸ ನನ್ನದು. ನಾಲ್ಕು ಜನರೆದುರು ಬಾಯಿ ಬಿಡದ ನನಗೆ ಇದೊಂದು ಚೆನ್ನಾಗಿ ಬರುತ್ತದೆ.

೨. ಮೊದಲ ಡ್ರಾಫ್ಟ್: 'ಬೂದು, ಹೆಣ್ಣಿನ ಒಂಟಿತನದ ಸಂಕೇತ.' (ಹೊಡೆದುಹಾಕಿದೆ. ಡಿಗ್ರಿಯ ಸೈಡ್ ಎಫೆಕ್ಟ್.)

೩. ಶಾಜಿಯಾಳ ಅಪ್ಪ ಫಕ್ರುದ್ದೀನ್ ಅಂಕಲ್ ಟೈಲರ್. ಚಿತ್ರ ನೋಡಿದ ಕೂಡಲೇ ಪ್ರದರ್ಶನಕ್ಕೆ ಬೇಡವೇ ಬೇಡ ಅಂದರು. ನಮಗೆ ಅದು ಬರೀ ಕತ್ತರಿ. ದರ್ಜಿಯ ಕಣ್ಣಿಗೆ ಮಾತ್ರ ಅದರ ಹಿಡಿ ಎಡಗೈ ಹೆಬ್ಬೆರಳಿಗೆ ಮಾಡಿದ್ದು ಅಂತ ತಟ್ಟನೆ ಕಾಣುತ್ತದೆ. ಬೋರ್ಡಿನ ಮೇಲಿರುವ ಹೆಸರು ಅಂಕಲ್‌ದು. ಒಳಮನೆಯಲ್ಲಿ ಕೂತು ಬಟ್ಟೆ ಕತ್ತರಿಸುವವರು ಅವರ ಹೆಂಡತಿ, ಎಡಚಿ ಖುರ್ಷೀದಾ ಆಂಟಿ. ಧಾರೆ ರವಿಕೆಗೆ ಎಡಗೈ ಬಿತ್ತು ಅಂತ ಗೊತ್ತಾದರೆ ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಾರೆ ಎಂಬುದು ಅಂಕಲ್ ಭಯ.

೪. ಈ ಕಥೆಯ ಎರಡನೇ ಡ್ರಾಫ್ಟಿನಲ್ಲಿ ಕತ್ತರಿಯನ್ನು ಬಲಗೈಗೆ ಬದಲಾಯಿಸಿದೆ. (ಕಥೆಯಲ್ಲಿ ಅದೇನು ಕಷ್ಟ?) ಖುರ್ಷೀದಾ ಆಂಟಿ ಕಥೆಯೊಳಗಿಂದ ಎದ್ದುಬಂದು ನನ್ನ ಮಂಚದ ಮೇಲೆ ಕೂತರು.

"ಏನ್ ಮಗಾ, ನನ್ ಕೈನೇ ತಿದ್ಬುಟ್ಟಾ?"

ಅಂಕಲ್‌ಗೆ ತೊಂದರೆ ಆಗಬಾರದು ಅಂತ, ಎಂದು ಗೊಣಗಿದೆ.

"ನೀನ್ ಆಕಿರೋ ಚೂಡಿದಾರ ಕತ್ತರ್ಸಿದ್ದು ನಾನು ಕಣವ್ವಾ. ಭುಜ ಸರ್ಯಾಗ್ ಕೂತದೆ ಅಂತ ನೀನ್ ನಮ್ಮನೆಯವ್ರಿಗ್ ಥ್ಯಾಂಕ್ಸ್ ಯೋಳ್ಬುಟ್ ಬಂದೆ."

ಪಾತ್ರಗಳ ಜೊತೆ ವಾದಿಸಿ ಸೋತ ಲೇಖಕಿಯರ ಸಂಘವಿದ್ದರೆ ನಾನೇ ಕಾರ್ಯದರ್ಶಿ.

೫. ಕೊನೆಗೆ ಚಿತ್ರದ ಕೆಳಗೆ ಬರೆದೆ: 'ಇದು ಖುರ್ಷೀದಾ ಅವರ ಎಡಗೈ ಕತ್ತರಿ. ಈ ಊರಿನ ಎಷ್ಟೋ ರವಿಕೆಗಳು ಇದರಿಂದಲೇ ಆದವು.' ಚಿತ್ರವನ್ನು ಆಂಟಿಯೇ ಲೈಬ್ರರಿಗೆ ತಂದು ಕೊಟ್ಟರು.

೬. ಮಗಳ ಬಲವಂತಕ್ಕೆ ಅಂಕಲ್ ಕೂಡ ಬಂದರು. ಹಳೆಯ ಗಿರಾಕಿ ಜಯಲಕ್ಷ್ಮಮ್ಮ ಆ ಎರಡು ಸಾಲನ್ನು ಎರಡು ಸಲ ಓದಿ ಅವರ ಕಡೆ ತಿರುಗಿದರು.

"ನನ್ ಮಗಳ ಧಾರೆ ರವಿಕೇನೂವೆ ನಿಮ್ಮನೆಯವ್ರೇ ಕತ್ತರ್ಸಿದ್ದಾ, ಸಾಬ್ರೇ?"

ಅಂತ್ಯ ಅ: ಹೌದು ಅನ್ನುತ್ತಾರೆ. ಅಂತ್ಯ ಆ: ಇಲ್ಲ ಅನ್ನುತ್ತಾರೆ. ಎರಡನ್ನೂ ಚೆನ್ನಾಗಿಯೇ ಬರೆಯಬಲ್ಲೆ. ಬರೆಯುವುದಿಲ್ಲ. ಅಂಕಲ್ ಹೆಸರಿನಲ್ಲಿ ಇನ್ನೊಬ್ಬರು ಕೆಲಸ ಮಾಡಿದ್ದು ಸಾಕು.